ರಜೆಯ ಮೂರು ದಿನ: ಮಕ್ಕಳಿಗಾಗಿ ಕೆಲವು ಸರಳ ವಿನೋದಗಳು



ಶನಿವಾರ ಮತ್ತು ಭಾನುವಾರಗಳ ಜೊತೆಗೆ ಶುಕ್ರವಾರವೋ ಸೋಮವಾರವೋ ರಜೆಯಾಗಿ ಸೇರಿಕೊಂಡಿತೆಂದರೆ ಮಕ್ಕಳ ಸಂತೋಷಕ್ಕೆ ಪಾರವಿರುವುದಿಲ್ಲ. ಆದರೆ ಆ ಸಂತೋಷವು ಮೊದಲ ದಿನದ ಮಧ್ಯಾಹ್ನದವರೆಗೆ ಮಾತ್ರ ಬಾಳುತ್ತದೆಂಬುದು ತಾಯಂದಿರೆಲ್ಲರ ಅನುಭವ. ಅನಂತರ "ಬೇಸರ, ಏನು ಮಾಡಲಿ?" ಎಂಬ ಪ್ರಶ್ನೆ ಆರಂಭವಾಗುತ್ತದೆ; ಅದಕ್ಕೆ ಉತ್ತರವಾಗಿ ಮಗುವಿನ ಕೈಗೆ ಮೊಬೈಲ್ ಬರುತ್ತದೆ. ಅಂಗಡಿಯನ್ನು ಮುಚ್ಚಿ ಮಕ್ಕಳನ್ನು ಊಟಿಗೆ ಕರೆದೊಯ್ಯುವುದು ವ್ಯಾಪಾರಸ್ಥರ ಮನೆಗಳಲ್ಲಿ ಪ್ರತಿ ರಜೆಗೂ ಆಗುವ ಮಾತಲ್ಲ. ಊರಿಗೆಲ್ಲ ರಜೆಯಿರುವ ದಿನವೇ ನಮಗೆ ವ್ಯಾಪಾರದ ದಿನ.

ಕಳೆದ ವರ್ಷ ಇಂಥದೇ ಒಂದು ರಜೆಯಲ್ಲಿ ಜಿನಾಲಯದ ಅಂಗಳದಲ್ಲಿ ಕಂಡ ನೋಟವೊಂದು ಈ ಲೇಖನಕ್ಕೆ ಕಾರಣವಾಯಿತು. ಪ್ರಸಾದ ಸ್ವೀಕರಿಸಿದ ಎಂಟು ಹತ್ತು ಮಕ್ಕಳು ಒಂದು ಕಂಬದ ಬಳಿ ಒಂದೇ ಫೋನಿನ ಸುತ್ತ ಗುಂಪಾಗಿ ಕುಳಿತಿದ್ದರು. ಇನ್ನೊಂದು ಕಂಬದ ಬಳಿ ನಾಲ್ವರು ಅಜ್ಜಿಯರು ಕುಳಿತಿದ್ದರು. ಒಬ್ಬರ ಮಾತು ಗುಜರಾತಿ, ಒಬ್ಬರದು ಮಾರವಾಡಿ, ಒಬ್ಬರು ತಮಿಳಿನ ನೈನಾರ್ ಮನೆತನದವರು, ಮತ್ತೊಬ್ಬರು ಕನ್ನಡದವರು. ಒಬ್ಬರನ್ನೊಬ್ಬರು ನೋಡಿ ನಗುವುದನ್ನು ಬಿಟ್ಟರೆ ಅವರಿಗೆ ಆಡಲು ಸಮಾನವಾದ ಮಾತು ಇರಲಿಲ್ಲ. ಮೊಮ್ಮಕ್ಕಳೊಡನೆ ಆಡಲು ಕೂಡ ಹೆಚ್ಚು ಮಾತಿರಲಿಲ್ಲ. ಏಕೆಂದರೆ ಮಕ್ಕಳ ಶಾಲೆಯ ಇಂಗ್ಲಿಷು ಅಜ್ಜಿಯರಿಗೆ ಬಾರದು, ಅಜ್ಜಿಯರ ಮನೆಮಾತು ಮಕ್ಕಳಿಗೆ ಅರ್ಧ ಮಾತ್ರ ಬರುತ್ತದೆ.

ಪೋತ್ತನೂರು ಮೊದಲಿನಿಂದಲೂ ಹಲವು ಭಾಷೆಗಳ ಊರು. ಮದ್ರಾಸಿನಿಂದ ಪಾಲಕ್ಕಾಡು ಕಣಿವೆಯ ಮಾರ್ಗವಾಗಿ ಪಶ್ಚಿಮ ಕರಾವಳಿಗೆ 1862ರಲ್ಲಿ ರೈಲು ಹಾದುಹೋದಂದಿನಿಂದ ಇಲ್ಲಿ ಇಳಿದವರ ಲೆಕ್ಕವಿಲ್ಲ. ಕನ್ನಡವಂತೂ ರೈಲಿಗಿಂತ ಹಿಂದೆಯೇ ಈ ಸೀಮೆಯಲ್ಲಿತ್ತು. 1799ರವರೆಗೆ ಇದು ಮೈಸೂರಿನ ಆಳ್ವಿಕೆಗೆ ಸೇರಿತ್ತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಇಷ್ಟು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ರಜೆಯ ವಿನೋದವನ್ನು ಅಂಗಡಿಯಿಂದ ಕೊಂಡು ತರಬೇಕಾದ ಅಗತ್ಯವಿದೆಯೆಂದು ನನಗೆ ತೋರುವುದಿಲ್ಲ. ನೆರೆಮನೆಯ ಅಜ್ಜಿಯನ್ನು ಕೇಳಿದರೆ ಸಾಕು.

ಹುಣಸೆಬೀಜದ ಆಟ

ಮೊದಲ ದಿನ ಮಕ್ಕಳಿಗೆ ಒಂದು ಕೆಲಸ ಕೊಡಿರಿ. ಅಡುಗೆಮನೆಯಿಂದ ಎರಡು ಹುಣಸೆಬೀಜಗಳನ್ನು ಪಡೆದು, ಒಡೆದು, ನಾಲ್ಕು ಹೋಳು ಮಾಡಿಕೊಳ್ಳಲಿ. ಬೀಜ ಸಮನಾಗಿ ಹೋಳಾಗದಿದ್ದರೆ ನಾಲ್ಕು ಇಡಿಯ ಬೀಜಗಳನ್ನು ತೆಗೆದುಕೊಂಡು, ಒಂದೊಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ಬಿಳುಪು ಕಾಣುವವರೆಗೆ ತೇಯಲಿ. ಈ ತೇಯುವ ಕೆಲಸದಲ್ಲಿಯೇ ಅರ್ಧ ಗಂಟೆ ಕಳೆಯುತ್ತದೆ, ತಾಯಿಗೆ ಅಷ್ಟು ವಿಶ್ರಾಂತಿ. ಕವಡೆಗಳಿಂದಲೂ ಆಡುವುದುಂಟು, ಆದರೆ ಕವಡೆಯು ಒಂದು ಜೀವಿಯ ಚಿಪ್ಪಾದುದರಿಂದ ನಮ್ಮ ಮನೆಯಲ್ಲಿ ಹಿರಿಯರು ಹುಣಸೆಬೀಜವನ್ನೇ ಕೊಡುತ್ತಿದ್ದರು.

ನೆಲದ ಮೇಲೆ ಸೀಮೆಸುಣ್ಣದಿಂದ ಐದಕ್ಕೆ ಐದರಂತೆ ಇಪ್ಪತ್ತೈದು ಮನೆಗಳ ಚೌಕ ಬರೆಯಬೇಕು. ನಾಲ್ಕು ಪಕ್ಕಗಳ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಕತ್ತರಿ ಗುರುತು ಹಾಕಬೇಕು. ಆಟಗಾರರು ಇಬ್ಬರಿಂದ ನಾಲ್ವರು. ಒಬ್ಬೊಬ್ಬರಿಗೂ ನಾಲ್ಕು ಕಾಯಿಗಳು. ಬೀಜಗಳನ್ನು ಎಸೆದಾಗ ಎಷ್ಟು ಬಿಳಿಯ ಮುಖಗಳು ಮೇಲಾದವೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ಒಂದೂ ಬಿಳಿಯಾಗದಿದ್ದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದವರಿಗೆ ಇನ್ನೊಂದು ಎಸೆತ. ಕಾಯಿಗಳು ಹೊರಸುತ್ತಿನ ಹದಿನಾರು ಮನೆಗಳನ್ನು ಬಲದಿಂದ ಎಡಕ್ಕೆ ತಿರುಗುವಂತೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿ, ಒಳಸುತ್ತಿನ ಎಂಟು ಮನೆಗಳನ್ನು ಎದುರು ದಿಕ್ಕಿನಲ್ಲಿ ದಾಟಿ, ನಟ್ಟನಡುವಿನ ಮನೆಯನ್ನು ಸೇರಬೇಕು. ಕತ್ತರಿ ಗುರುತಿನ ಮನೆಯಲ್ಲಿರುವ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ; ಬೇರೆಲ್ಲಿಯಾದರೂ ಎದುರಾಳಿಯ ಕಾಯಿ ಬಂದು ಕುಳಿತರೆ ಮೊದಲು ಇದ್ದ ಕಾಯಿ ತನ್ನ ಮನೆಗೆ ಹಿಂದಿರುಗಿ ಮತ್ತೆ ಹೊರಡಬೇಕು.

ಇದು ಕನ್ನಡಿಗರ ಚೌಕಾಬಾರ. ತಮಿಳಿನ ಮನೆಗಳಲ್ಲಿ ಇದು ತಾಯಂ, ಗುಜರಾತಿನಲ್ಲಿ ಇಸ್ತೋ, ಮಾರವಾಡದಲ್ಲಿ ಚಂಗಾ ಪೋ, ತೆಲುಗಿನಲ್ಲಿ ಅಷ್ಟಾ ಚಮ್ಮಾ. ಹೆಸರಿನೊಡನೆ ನಿಯಮಗಳೂ ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ಒಂದು ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹಿಂದಿರುಗಿಸದೆ ಒಳಸುತ್ತಿಗೆ ಪ್ರವೇಶವಿಲ್ಲ. ಇನ್ನೊಂದು ಮನೆಯಲ್ಲಿ ಆ ಕಟ್ಟಳೆಯಿಲ್ಲ. ಈ ವ್ಯತ್ಯಾಸಗಳ ಬಗ್ಗೆ ಮಕ್ಕಳು ಜಗಳವಾಡುವುದು ನಿಶ್ಚಿತ. ಆಡಲಿ ಬಿಡಿ, ಯಾರ ಅಜ್ಜಿ ಹೇಳಿದ್ದು ಸರಿ ಎಂದು ತಿಳಿಯಲು ಅವರು ನಾಲ್ಕು ಮನೆಗಳಿಗೆ ಹೋಗಿ ಬರಬೇಕಾಗುತ್ತದೆ, ನಮಗೆ ಬೇಕಾದದ್ದೂ ಅದೇ.

ಒಂದು ಸಣ್ಣ ಮಾತು. ಸಾಮಾನ್ಯವಾಗಿ ಈ ಆಟದಲ್ಲಿ ಕಾಯಿಯನ್ನು "ಹೊಡೆದೆ", "ಕಡಿದೆ" ಎನ್ನುವುದು ರೂಢಿ. ಗುಜರಾತಿ ಜೈನರ ಅಡುಗೆಮನೆಯಲ್ಲಿ ತರಕಾರಿಯನ್ನು ಕೂಡ "ಕತ್ತರಿಸು" ಎನ್ನದೆ "ಸಮಾರು", ಅಂದರೆ ಹಸನುಮಾಡು ಎನ್ನುವುದನ್ನು ಕೇಳಿದ್ದೇನೆ. ಅದರಂತೆ ನಾವೂ "ನಿನ್ನ ಕಾಯಿಯನ್ನು ಮನೆಗೆ ಕಳಿಸಿದೆ" ಎಂದು ಹೇಳಿಸಿದೆವು. ಮಕ್ಕಳಿಗೆ ಇದು ಬಹಳ ಹಿಡಿಸಿತು. ಸೋತವನನ್ನು "ಮನೆಗೆ ಹೋಗಿ ಊಟ ಮಾಡಿ ಬಾ" ಎಂದು ಛೇಡಿಸಲು ಹೊಸ ಅವಕಾಶ ದೊರೆಯಿತು!

ಎಂಬತ್ತನಾಲ್ಕು ಮನೆಯ ಪಟ

ಹಾವು ಏಣಿಯ ಆಟ ಎಲ್ಲ ಮಕ್ಕಳಿಗೂ ಗೊತ್ತು. ಅದು ಇಂಗ್ಲೆಂಡಿನಿಂದ ಬಂದುದೆಂದು ಅನೇಕ ಮಕ್ಕಳು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ನಮ್ಮ ದೇಶದಿಂದ ಅಲ್ಲಿಗೆ ಹೋಗಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಚ್ಚಾಗಿ, ಅನಂತರ ಅಂಗಡಿಯ ಸರಕಾಗಿ ಹಿಂದಿರುಗಿತು. ಗುಜರಾತ ಮತ್ತು ರಾಜಸ್ಥಾನಗಳ ಜೈನರು ಅದನ್ನು ಜ್ಞಾನಚೌಪಡವೆಂದು ಕರೆದು ಪರ್ಯೂಷಣದ ದಿನಗಳಲ್ಲಿ ಆಡುತ್ತಿದ್ದರು. ಬಟ್ಟೆಯ ಮೇಲೋ ಕಾಗದದ ಮೇಲೋ ಬರೆದ ಆ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆಗಳು. ಕೆಳಗೆ ನರಕ, ತುದಿಯಲ್ಲಿ ಸಿದ್ಧಶಿಲೆ. ವೈಷ್ಣವರಲ್ಲಿ ಇದರ ಬೇರೊಂದು ರೂಪವಿದೆ. ತಮಿಳುನಾಡಿನಲ್ಲಿ ಅದಕ್ಕೆ ಪರಮಪದವೆಂದು ಹೆಸರು, ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಅದನ್ನು ಆಡುತ್ತಾರೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಮಲಗುವವರೆಗಿನ ಸಂಜೆ ದೀರ್ಘವಾದುದು. ಇಂಥ ಪಟ ಬಿಚ್ಚಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಹಳೆಯ ಪಟ ಎಲ್ಲರ ಮನೆಯಲ್ಲಿ ಇರಲಾರದು. ಹೋದ ವರ್ಷದ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ, ಅಡ್ಡಕ್ಕೆ ಏಳು ಉದ್ದಕ್ಕೆ ಹನ್ನೆರಡರಂತೆ ಗೆರೆ ಎಳೆದರೆ 84 ಮನೆಗಳು ದೊರೆಯುತ್ತವೆ. ಯಾವ ಮನೆಯಿಂದ ಏಣಿ, ಯಾವ ಮನೆಯಲ್ಲಿ ಹಾವು ಎಂಬುದನ್ನು ಮಕ್ಕಳೇ ನಿಶ್ಚಯಿಸಿ ಬರೆಯಲಿ. ಇದರಲ್ಲಿ ದೊಡ್ಡವರು ಕೈ ಹಾಕಬಾರದೆಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ತಯಾರಾದ ಪಟದಲ್ಲಿ "ತಂಗಿಯ ಪೆನ್ಸಿಲನ್ನು ಕೇಳದೆಯೇ ಹಿಂದಿರುಗಿಸಿದ್ದು" ಎಂಬುದಕ್ಕೆ ಉದ್ದನೆಯ ಏಣಿಯಿತ್ತು. "ಇರುವೆಯ ಸಾಲಿಗೆ ನೀರು ಹೊಯ್ದದ್ದು" ಎಂಬ ಮನೆಯ ಹಾವು ಏಳು ಮನೆ ಇಳಿಯುತ್ತಿತ್ತು. "ಅಪ್ಪ ಫೋನ್ ನೋಡುತ್ತ ಊಟ ಮಾಡಿದ್ದು" ಎಂಬ ಮನೆಯ ಹಾವು ಮೂವತ್ತು ಮನೆ. ಈ ಅನುಪಾತವನ್ನು ಪ್ರಶ್ನಿಸುವ ಧೈರ್ಯ ನಮಗಾರಿಗೂ ಆಗಲಿಲ್ಲ. ಸ್ವಲ್ಪ ದೊಡ್ಡ ಮಕ್ಕಳಾದರೆ ಹದಿನಾಲ್ಕು ಗುಣಸ್ಥಾನಗಳನ್ನು ಪಟದ ಮೇಲ್ಭಾಗದಲ್ಲಿ ಕ್ರಮವಾಗಿ ಬರೆದು, ಹನ್ನೊಂದನೆಯದರಿಂದ ಒಂದು ಹಾವನ್ನು ಎಳೆಯಲಿ. ಉಪಶಾಂತಮೋಹದವರೆಗೆ ಏರಿದ ಜೀವವೂ ಅಲ್ಲಿಂದ ಕೆಳಗೆ ಬೀಳುತ್ತದೆಂಬುದನ್ನು ಪಾಠಶಾಲೆಯಲ್ಲಿ ಹಲವು ಸಲ ಕೇಳಿಯೂ ಮರೆಯುವ ಮಗು, ಗೆಲ್ಲುವ ಹೊತ್ತಿಗೆ ಒಮ್ಮೆ ಜಾರಿ ಬಿದ್ದರೆ ಮರೆಯುವುದಿಲ್ಲ.

ವಕಾರ ಬಕಾರಗಳ ಬೇಟೆ

ಇದಕ್ಕೆ ಸೀಮೆಸುಣ್ಣವೂ ಬೇಡ. ತಮಿಳಿನಲ್ಲಿ ಪಕಾರದಿಂದ ಆರಂಭವಾಗುವ ಪದವೊಂದನ್ನು ಒಬ್ಬರು ಹೇಳಬೇಕು; ಪಕಾರದ ಸ್ಥಾನದಲ್ಲಿ ಹಕಾರವನ್ನಿಟ್ಟು ಕನ್ನಡ ಪದ ದೊರೆಯುತ್ತದೆಯೇ ಎಂದು ಇನ್ನೊಬ್ಬರು ಪರೀಕ್ಷಿಸಬೇಕು. ಪಾಲ್ ಎಂದರೆ ಹಾಲು, ಪೂ ಎಂದರೆ ಹೂ, ಪುಲಿ ಎಂದರೆ ಹುಲಿ, ಪತ್ತು ಎಂದರೆ ಹತ್ತು, ಪಣಂ ಎಂದರೆ ಹಣ. ಆದಿಪುರಾಣವನ್ನು 941ರಲ್ಲಿ ರಚಿಸಿದ ಪಂಪನ ಕಾಲದ ಕನ್ನಡದಲ್ಲಿಯೂ ಹಾಲು ಪಾಲ್ ಎಂದೇ ಇತ್ತು. ಪಕಾರವು ಹಕಾರವಾದದ್ದು ಅನಂತರದ ಬದಲಾವಣೆ. ಎಲ್ಲ ಪದಗಳಿಗೂ ಇದು ಹೊಂದುವುದಿಲ್ಲ. ನಮ್ಮ ಮಕ್ಕಳಲ್ಲೊಬ್ಬ ಪಾಟ್ಟಿಯನ್ನು "ಹಾಟ್ಟಿ" ಎಂದು ಕನ್ನಡಿಸಿದಾಗ ತಮಿಳಿನ ಅಜ್ಜಿಯೇ ಎಲ್ಲರಿಗಿಂತ ಹೆಚ್ಚು ನಕ್ಕರು.

ಎರಡನೆಯ ಸುತ್ತಿನಲ್ಲಿ ತಮಿಳಿನ ವಕಾರವನ್ನು ಬಕಾರ ಮಾಡಬೇಕು. ವಾಯ್ ಬಾಯಿಯಾಗುತ್ತದೆ, ವಾಳೈ ಬಾಳೆಯಾಗುತ್ತದೆ, ವೆಲ್ಲಂ ಬೆಲ್ಲವಾಗುತ್ತದೆ, ವೇರ್ ಬೇರಾಗುತ್ತದೆ, ವಿರಲ್ ಬೆರಳಾಗುತ್ತದೆ. ಇಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಗುಜರಾತಿ ಮಕ್ಕಳು ಇಲ್ಲಿ ಮುಂದೆ ಬರುತ್ತಾರೆ. ಏಕೆಂದರೆ ಗುಜರಾತಿಯ ವಕಾರವೂ ಅನೇಕ ಪದಗಳಲ್ಲಿ ಹಿಂದಿಯ ಬಕಾರವಾಗಿ ಕಾಣುತ್ತದೆ! ಇಪ್ಪತ್ತು ಗುಜರಾತಿಯಲ್ಲಿ ವೀಸ, ಹಿಂದಿಯಲ್ಲಿ ಬೀಸ್. ಹುಲಿ ವಾಘ ಮತ್ತು ಬಾಘ್, ಕೂದಲು ವಾಳ ಮತ್ತು ಬಾಲ್, ಬಿದಿರು ವಾಂಸ ಮತ್ತು ಬಾಂಸ್, ಮಿಂಚು ವೀಜಳಿ ಮತ್ತು ಬಿಜಲೀ, ಮಳೆ ವರಸಾದ ಮತ್ತು ಬರಸಾತ್. ದಕ್ಷಿಣದ ಎರಡು ಭಾಷೆಗಳ ನಡುವೆ ನಡೆದಂಥದೇ ವ್ಯತ್ಯಾಸ, ಅವುಗಳಿಗೆ ಹುಟ್ಟಿನ ಸಂಬಂಧವಿಲ್ಲದ ಉತ್ತರದ ಎರಡು ಭಾಷೆಗಳ ನಡುವೆಯೂ ಇದೆ. ನಾನು ಅನೇಕ ವರ್ಷ ಈ ಭಾಷೆಗಳ ಮಧ್ಯೆ ಬದುಕಿದ್ದರೂ ಇದನ್ನು ಗಮನಿಸಿರಲಿಲ್ಲ. ಮಕ್ಕಳ ಆಟದಿಂದಲೇ ತಿಳಿದುಕೊಂಡೆ. ಮಾರವಾಡಿ ಮನೆಗಳಲ್ಲಿ ಯಾವ ಪದಕ್ಕೆ ವಕಾರ, ಯಾವುದಕ್ಕೆ ಬಕಾರ ಎಂಬುದನ್ನು ಅಜ್ಜಿಯ ಊರನ್ನು ಕೇಳಿಕೊಂಡು ಪಟ್ಟಿ ಮಾಡಬೇಕು. ನಮ್ಮ ಪಟ್ಟಿಯಲ್ಲಿ ಒಂದು ಮಧ್ಯಾಹ್ನಕ್ಕೆ ನಲವತ್ತು ಜೋಡಿಗಳಾದವು. ಜೋಡಿಗೊಂದರಂತೆ ಒಂದು ಅಂಕ.

ನಾಣ್ಯ, ಗಾಳಿಪಟ ಮತ್ತು ಇತರ

ನಾಣ್ಯದ ಮೇಲೆ ತೆಳುವಾದ ಕಾಗದವನ್ನಿಟ್ಟು ಪೆನ್ಸಿಲಿನಿಂದ ಮೃದುವಾಗಿ ಉಜ್ಜಿದರೆ ಅದರ ಚಿತ್ರ ಮೂಡುತ್ತದೆ. ಐದು ವರ್ಷದ ಮಗುವೂ ಇದನ್ನು ಮಾಡಬಲ್ಲದು. ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಒಂದು ಗಂಟೆ ಮಕ್ಕಳಿಗೆ ಒಪ್ಪಿಸಿದರೆ ಎಷ್ಟು ಬಗೆಯ ನಾಣ್ಯಗಳು ಚಲಾವಣೆಯಲ್ಲಿವೆಯೆಂದು ನಮಗೇ ಆಶ್ಚರ್ಯವಾಗುತ್ತದೆ. ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ಸ್ಮರಣಾರ್ಥ 2001ರಲ್ಲಿ ಹೊರಬಂದ ಐದು ರೂಪಾಯಿಯ ನಾಣ್ಯವನ್ನು ಹುಡುಕಿದವರಿಗೆ ಬಹುಮಾನವಿಡಿರಿ. ನಮ್ಮ ಪಕ್ಕದ ವೆಳ್ಳಲೂರಿನಲ್ಲಿ 1842ರಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿಯ ನಾಣ್ಯಗಳ ನಿಧಿ ದೊರೆತಿತ್ತೆಂಬುದನ್ನು ಆಗ ಹೇಳಬಹುದು. ಎರಡು ಸಾವಿರ ವರ್ಷಗಳ ಹಿಂದೆ ಆ ನಾಣ್ಯಗಳನ್ನು ತಂದ ವರ್ತಕರು ನಡೆದ ಪಾಲಕ್ಕಾಡು ಕಣಿವೆಯಲ್ಲಿಯೇ ನಮ್ಮ ರೈಲುದಾರಿಯೂ ಸಾಗುತ್ತದೆ.

ಆಡಿ ತಿಂಗಳ ಗಾಳಿಯಲ್ಲಿ ಗಾಳಿಪಟ ಹಾರಿಸದ ಮಗುವಿಲ್ಲ. ಹಾರಿಸಲಿ, ಆದರೆ ನೂಲು ಬರಿಯ ಹತ್ತಿಯದಾಗಿರಲಿ. ಗಾಜಿನ ಪುಡಿ ಸವರಿದ ದಾರ ಬೇಡ; ನೈಲಾನ್ ದಾರಗಳನ್ನಂತೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನಿಷೇಧಿಸಿದೆ. ಅದೇ ವರ್ಷದಿಂದ ಗುಜರಾತಿನಲ್ಲಿ ಉತ್ತರಾಯಣದ ಸಮಯಕ್ಕೆ ಗಾಯಗೊಂಡ ಪಕ್ಷಿಗಳ ಚಿಕಿತ್ಸೆಗಾಗಿ ಕರುಣಾ ಅಭಿಯಾನ ನಡೆಯುತ್ತಿದೆ. ಹಕ್ಕಿಗಳು ಹೆಚ್ಚಾಗಿ ಸಂಚರಿಸುವ ಬೆಳಗಿನ ಮತ್ತು ಸಂಜೆಯ ಹೊತ್ತನ್ನು ಬಿಟ್ಟು ನಡುಹಗಲಿನಲ್ಲಿ ಹಾರಿಸುವುದು ಲೇಸು. ಹರಿದು ಮರಕ್ಕೆ ಸಿಕ್ಕಿದ ದಾರವನ್ನು ಬಿಡಿಸಿ ತಂದವರಿಗೂ ಗೆದ್ದಷ್ಟೇ ಅಂಕ ಕೊಡಬೇಕು.

ಬೆಳಗಿನ ಹೊತ್ತು ಹೆಣ್ಣುಮಕ್ಕಳಷ್ಟೇ ಅಲ್ಲದೆ ಗಂಡುಮಕ್ಕಳೂ ಚುಕ್ಕಿಯಿಟ್ಟು ರಂಗೋಲಿ ಬಿಡಲಿ. ಕಲ್ಲಿನ ಪುಡಿ ಬೇಡ, ಅಕ್ಕಿಹಿಟ್ಟಿರಲಿ. ಇರುವೆಗಳು ಎಷ್ಟು ಹೊತ್ತಿಗೆ ಬಂದು ಯಾವ ಎಸಳನ್ನು ಮೊದಲು ಒಯ್ದವೆಂದು ನೋಡುವುದೂ ಒಂದು ಆಟ. ಹಸಿವಾದಾಗ ಒಲೆ ಹಚ್ಚದೆ ಮಾಡಬಹುದಾದ ತಿನಿಸು ಒಂದಿದೆ: ಗುಜರಾತಿ ಮನೆಯ ಖಾಖ್ರಾಕ್ಕೆ ತುಪ್ಪ ಸವರಿ, ತಮಿಳಿನ ಮನೆಯ ಇಡ್ಲಿ ಪೊಡಿ ಉದುರಿಸಬೇಕು. ಪೊಡಿಯಲ್ಲಿ ಬೆಳ್ಳುಳ್ಳಿ ಇಲ್ಲವೆಂದು ಮೊದಲೇ ವಿಚಾರಿಸಿಕೊಳ್ಳಿರಿ.

ಮೂರನೆಯ ದಿನ ವಾಹನದ ಅನುಕೂಲವಿದ್ದರೆ, ತಿರುಪ್ಪೂರಿನ ಆಚೆ ಈರೋಡ್ ಜಿಲ್ಲೆಯ ವಿಜಯಮಂಗಲಕ್ಕೆ ಹೋಗಿ ಚಂದ್ರಪ್ರಭ ತೀರ್ಥಂಕರರ ಪ್ರಾಚೀನ ಜಿನಾಲಯವನ್ನು ನೋಡಿ ಬರಬಹುದು. ತಮಿಳಿನ ಪೆರುಂಗದೈ ಕಾವ್ಯದ ಕರ್ತೃ ಕೊಂಗುವೇಳಿರ್ ಈ ಊರಿನವನೆಂದು ಪ್ರತೀತಿ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ತಂಗಿ ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದ ವಿಷಯವನ್ನು ಇಲ್ಲಿಯ ಶಾಸನ ತಿಳಿಸುತ್ತದೆ. ಒಬ್ಬೊಬ್ಬ ಮಗುವಿಗೂ ಒಂದು ಬಿಳಿಯ ಹಾಳೆ ಕೊಟ್ಟು, ತನಗೆ ಇಷ್ಟವಾದ ಒಂದೇ ಒಂದು ಕಂಬವನ್ನೋ ಮೂರ್ತಿಯನ್ನೋ ನೋಡಿ ಬರೆಯಲು ಹೇಳಿರಿ. ನಾಣ್ಯ ಉಜ್ಜಿದಂತೆ ಇಲ್ಲಿಯ ಕಲ್ಲನ್ನು ಉಜ್ಜಬಾರದೆಂದು ಮೊದಲೇ ಎಚ್ಚರಿಸಬೇಕು.

ಚೆನ್ನೆಮಣೆ

ಕೊನೆಗೆ ನನ್ನದೇ ಮನೆಯ ಮಾತು. ಮೂಡುಬಿದಿರೆಯ ಕಡೆಯವರಾದ ನಮ್ಮಜ್ಜಿ ಪೋತ್ತನೂರಿಗೆ ಬಂದಾಗ ತಮ್ಮೊಡನೆ ದೋಣಿಯ ಆಕಾರದ ಒಂದು ಚೆನ್ನೆಮಣೆಯನ್ನು ತಂದಿದ್ದರು. ಎರಡು ಸಾಲಿನಲ್ಲಿ ಏಳೇಳು ಗುಳಿಗಳು, ಗುಳಿಗೆ ನಾಲ್ಕರಂತೆ 56 ಕೆಂಪು ಮಂಜೊಟ್ಟಿ ಕಾಳುಗಳು. ಮೈಸೂರಿನವರು ಇದನ್ನು ಅಳಗುಳಿಮಣೆ ಎನ್ನುತ್ತಾರೆ, ತಮಿಳರು ಪಲ್ಲಾಂಗುಳಿ ಎನ್ನುತ್ತಾರೆ. ನಾನು ಏಳೆಂಟು ವರ್ಷದವನಾಗಿದ್ದಾಗ ಒಂದು ರಜೆಯಲ್ಲಿ ಏರೋಪ್ಲೇನ್ ಚಿಟ್ಟೆಯೊಂದನ್ನು ಹಿಡಿದು ಅದರ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದೆ. ಅಜ್ಜಿ ಗದರಲಿಲ್ಲ. ಕನ್ನಡಕವನ್ನು ತರಿಸಿಕೊಂಡು, ಬಹಳ ಹೊತ್ತು ತೆಗೆದುಕೊಂಡು, ಆ ಗಂಟನ್ನು ಬಿಡಿಸಿದರು. ಅದು ಹಾರಿ ಹೋಯಿತು. "ಈಗ ನಿನಗೆ ಆಡಲು ಏನಾದರೂ ಬೇಕಲ್ಲ" ಎಂದು ಹೇಳಿ ಮಣೆಯನ್ನು ಅಟ್ಟದಿಂದ ಇಳಿಸಿದರು. ಅವರ ಊರಿನಲ್ಲಿ ಆಟಿ ತಿಂಗಳಲ್ಲಿ ಮಾತ್ರ ಇಳಿಸುತ್ತಿದ್ದ ಮಣೆಯದು. ತುಳುವರ ಆಟಿ, ತಮಿಳರ ಆಡಿ, ಎರಡೂ ಒಂದೇ. ಆ ದಿನ ಯಾವ ತಿಂಗಳೆಂದು ಅಜ್ಜಿ ನೋಡಲಿಲ್ಲ.

ಇಬ್ಬರು ಆಡುವ ಆಟವನ್ನು ಅವರು ಕಲಿಸಿದರು. ಒಂದು ಗುಳಿಯ ಕಾಳುಗಳನ್ನು ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು. ಕೈ ಬರಿದಾದಾಗ ಅದರ ಮುಂದಿನ ಗುಳಿಯ ಕಾಳುಗಳನ್ನು ಎತ್ತಿಕೊಂಡು ಮುಂದುವರಿಸುವುದು. ಆ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ನಮ್ಮದು, ಅಲ್ಲಿಗೆ ಎದುರಾಳಿಯ ಸರದಿ. ಆದರೆ ಮಧ್ಯಾಹ್ನದ ಹೊತ್ತಿನಲ್ಲಿ ಅಜ್ಜಿ ಒಬ್ಬರೇ ಕುಳಿತು ಆಡುತ್ತಿದ್ದ ಇನ್ನೊಂದು ಆಟವಿತ್ತು. ಅದನ್ನು ಸೀತೆಯ ಆಟವೆನ್ನುತ್ತಿದ್ದರು. ಕಾಳುಗಳು ಸುತ್ತಿ ಸುತ್ತಿ ಬರುವುದನ್ನು ಪಕ್ಕದಲ್ಲಿ ಮಲಗಿ ನೋಡುತ್ತ ನಿದ್ದೆ ಹೋಗುತ್ತಿದ್ದೆ. ಹೇಗೆ ಆಡುವುದೆಂದು ಎಂದೂ ಕೇಳಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಮನೆಯಲ್ಲಿ ವಿಚಾರಿಸಿದೆ, ಯಾರೂ ಕೇಳಿರಲಿಲ್ಲ.

ಕಳೆದ ವರ್ಷದ ಆ ರಜೆಯಲ್ಲಿ ಮಕ್ಕಳಿಗೆ ತೋರಿಸಲೆಂದು ಮಣೆಯನ್ನು ಜಿನಾಲಯದ ಅಂಗಳಕ್ಕೆ ಒಯ್ದಿದ್ದೆ. ನೈನಾರ್ ಮನೆಯ ಅಜ್ಜಿ ಅದನ್ನು ತಮ್ಮತ್ತ ಎಳೆದುಕೊಂಡು, ಒಂದು ಬದಿಯ ಗುಳಿಗಳ ಮೇಲೆ ಬೆರಳಾಡಿಸಿ, "ಸೀತಾ ಪಾಂಡಿ ಆಡುತ್ತೀರಾ?" ಎಂದು ತಮಿಳಿನಲ್ಲಿ ಕೇಳಿದರು. ಒಬ್ಬರೇ ಆಡುವ ಆಟ ಎಂದರು. ಅಷ್ಟರಲ್ಲಿ ಅವರ ಮನೆಯವರು ಆಟೋ ಬಂದಿತೆಂದು ಕರೆದರು.

ಈ ಬಾರಿಯ ಉತ್ಸವದ ಎರಡನೆಯ ದಿನ ಮಧ್ಯಾಹ್ನ ಭೋಜನದ ಅನಂತರ ಅವರು ಅಂಗಳದಲ್ಲಿ ಕುಳಿತು ಅದನ್ನು ಕಲಿಸಿಕೊಡಲು ಒಪ್ಪಿದ್ದಾರೆ. ಎಂಬತ್ತು ದಾಟಿದವರು, ಮಕ್ಕಳು ಸಮಯಕ್ಕೆ ಸರಿಯಾಗಿ ಬರಬೇಕೆಂದು ಕೋರುತ್ತೇನೆ. ಮಣೆಯನ್ನು ನಾನು ತರುತ್ತೇನೆ. 56 ಕಾಳುಗಳಲ್ಲಿ ಈಗ 51 ಉಳಿದಿವೆ, ಮಿಕ್ಕ ಐದಕ್ಕೆ ಹುಣಸೆಬೀಜ ಹಾಕಿಕೊಳ್ಳೋಣ.